ಡಿಸೆಂಬರ್‌ನಲ್ಲಿ 4.8, ಏಪ್ರಿಲ್‌ನಲ್ಲಿ 4.6

ನನ್ನ ಕಂಪ್ಯೂಟರಿನಲ್ಲಿರುವುದು ಇಂಟೆಲ್ ಕೋರ್ ಐ5-8600ಕೆ ಪ್ರೊಸೆಸರ್. 2018ರಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಎಸ್‌ಪಿ ರೋಡಿಗೆ ಹೋಗಿ, ನಾಲ್ಕು ಅಂಗಡಿ ಹತ್ತಿ ಇಳಿದು, ಚೌಕಾಸಿ ಮಾಡಿ ತಂದದ್ದು. ಹೆಸರಿನ ಕೊನೆಯಲ್ಲಿರುವ ಆ 'ಕೆ' ಒಂದಕ್ಕೇ ಜಾಸ್ತಿ ದುಡ್ಡು ಕೊಟ್ಟಿದ್ದೆ. ಕೆ ಇದ್ದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸಬಹುದು, ಅಂದರೆ ಓವರ್‌ಕ್ಲಾಕ್ ಮಾಡಬಹುದು. ಅದಕ್ಕೆ ಝಡ್370ನಂಥ ಝಡ್ ಸರಣಿಯ ಮದರ್‌ಬೋರ್ಡೇ ಬೇಕು, ಅದಕ್ಕೂ ಜಾಸ್ತಿ ಕೊಟ್ಟೆ. ಆಮೇಲೆ ವರ್ಷಗಟ್ಟಲೆ ಏನೂ ಮಾಡಲಿಲ್ಲ. ಬುಲೆಟ್ ಗಾಡಿ ತಗೊಂಡು ಬರೀ ತರಕಾರಿ ತರೋಕೆ ಓಡಿಸಿದ ಹಾಗೆ.

ಈಗ ಊರಿಗೆ, ಅಂದರೆ ರಾಯಚೂರಿಗೆ, ವಾಪಸ್ ಬಂದಿದ್ದೇನೆ. ಮದುವೆ, ಜವಳ, ಗೃಹಪ್ರವೇಶದ ವಿಡಿಯೊ ಎಡಿಟ್ ಮಾಡಿಕೊಡುವುದು ನನ್ನ ಕೆಲಸ. ಒಂದೂವರೆ ಗಂಟೆಯ ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದರೆ 47 ನಿಮಿಷ ಹಿಡಿಯುತ್ತಿತ್ತು. ಸೀಸನ್ನಿನಲ್ಲಿ ದಿನಕ್ಕೆ ಮೂರು ಇರುತ್ತವೆ, ಪಾರ್ಟಿಯವರು ಒಂದು ಹಾಡು ಬದಲಿಸಿ ಅಂದರೆ ಮತ್ತೆ ಮೊದಲಿನಿಂದ. ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾಡಿದರೆ ಬೇಗ ಆಗುತ್ತದೆ ಅಲ್ವಾ ಅಂತ ಕೇಳಬಹುದು. ಆಗುತ್ತದೆ. ಆದರೆ ಫೈಲ್ ಅಷ್ಟೇ ಸೈಜಿನಲ್ಲಿ ಇರಬೇಕು ಅಂದಾಗ ನನ್ನ ಹಳೇ ಕಾರ್ಡಿನಲ್ಲಿ ರೇಷ್ಮೆ ಸೀರೆಯ ಜರಿ ಕಲಸಿದಂತೆ ಕಾಣುತ್ತದೆ. ಫೈನಲ್ ಕಾಪಿಯನ್ನು ನಾನು ಪ್ರೊಸೆಸರ್ ಮೇಲೇ ಮಾಡುವುದು.

ಹೊಸ ಮೆಷಿನ್ ತಗೊಳ್ಳೋಣ ಅಂತ ಲೆಕ್ಕ ಹಾಕಿದೆ, ಲೆಕ್ಕ ನೋಡಿ ಸುಮ್ಮನಾದೆ. ವಿಂಡೋಸ್ 11 ಇಂಟೆಲ್‌ನ 8ನೇ ಪೀಳಿಗೆಯಿಂದ ಮೇಲಿನದ್ದಕ್ಕೆ ಸಿಗುತ್ತದೆ, ಹಾಗಾಗಿ ನನ್ನದು ಬಾಗಿಲಲ್ಲಿ ಕಾಲಿಟ್ಟುಕೊಂಡು ಹೇಗೋ ಒಳಗೆ ನುಸುಳಿದೆ. ಇನ್ನೆರಡು ವರ್ಷ ಇದರಲ್ಲೇ ತಳ್ಳೋಣ, ದುಡ್ಡು ಕೊಟ್ಟ ಆ 'ಕೆ'ಯನ್ನು ಈಗಲಾದರೂ ಬಳಸೋಣ ಅಂತ ಕಳೆದ ಡಿಸೆಂಬರ್‌ನಲ್ಲಿ ಕೂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರೊಸೆಸರಿನ ವೇಗ ಅನ್ನುವುದು ಒಂದು ಗುಣಾಕಾರ. ಬೋರ್ಡ್ 100 ಮೆಗಾಹರ್ಟ್ಜ್‌ನ ತಾಳ ಹಾಕುತ್ತದೆ, ಪ್ರೊಸೆಸರ್ ಅದನ್ನು ಇಷ್ಟು ಪಟ್ಟು ಮಾಡಿಕೊಳ್ಳುತ್ತದೆ. 8600ಕೆ ಕಂಪನಿ ಲೆಕ್ಕದಲ್ಲಿ 3.6 ಗಿಗಾಹರ್ಟ್ಜ್. ಅದರೊಳಗೆ ಕೆಲಸ ಹಂಚಿಕೊಳ್ಳುವ ಆರು ಕೋರ್ ಇವೆ. ಒಂದೇ ಕೋರ್ ಕೆಲಸ ಮಾಡುವಾಗ 4.3ರವರೆಗೆ ಹೋಗುತ್ತದೆ, ಆರೂ ಕೋರ್ ದುಡಿಯುವಾಗ 4.1. ಆ ಪಟ್ಟನ್ನು ನಾವೇ ಏರಿಸಿ, ಏರಿಸಿದ್ದಕ್ಕೆ ಬೇಕಾದಷ್ಟು ವೋಲ್ಟೇಜ್ ಕೊಟ್ಟು, ಅದರಿಂದ ಹುಟ್ಟುವ ಬಿಸಿಯನ್ನು ಹೊರಗೆ ಹಾಕುವುದಕ್ಕೇ ಓವರ್‌ಕ್ಲಾಕ್ ಅನ್ನುವುದು. ಹಿಂದೆ ಇದು ಬಡವರ ಆಟ. 1998ರ ಸೆಲೆರಾನ್ 300ಎ ಅನ್ನುವ ಅಗ್ಗದ ಪ್ರೊಸೆಸರ್ ಇತ್ತು, ಅದರ ಬಸ್ಸನ್ನು, ಅಂದರೆ ಬೋರ್ಡ್ ಹಾಕುವ ತಾಳವನ್ನು, 66ರಿಂದ 100 ಮೆಗಾಹರ್ಟ್ಜ್‌ಗೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು, ದುಬಾರಿ ಪೆಂಟಿಯಮ್ ಜೊತೆ ಹೆಗಲು ಕೊಟ್ಟು ನಿಲ್ಲುತ್ತಿತ್ತು. 2011ರಲ್ಲಿ ಸ್ಯಾಂಡಿ ಬ್ರಿಜ್ ಬಂದ ಮೇಲೆ ಇಂಟೆಲ್‌ನಲ್ಲಿ ಈ ಆಟ ಹೆಚ್ಚುಕಡಿಮೆ 'ಕೆ' ಮಾದರಿಗೆ ಸೀಮಿತವಾಯಿತು. ಬಡವರ ಆಟಕ್ಕೆ ಟಿಕೆಟ್ ಇಟ್ಟರು.

ವೇಗಕ್ಕೆ ಕೈ ಹಾಕುವ ಮೊದಲು ಕ್ಯಾಬಿನೆಟ್ಟಿಗೇ ಕೈ ಹಾಕಿದೆ. ಹಾಕಿದ ಕೂಡಲೇ ಚುರ್ ಅಂತು. ಬರಿಗಾಲಲ್ಲಿ ನೆಲದ ಮೇಲೆ ನಿಂತು ಹಿಂದಿನ ಸ್ಕ್ರೂ ಮುಟ್ಟಿದರೆ ಇರುವೆ ಕಡಿದ ಹಾಗೆ. ಇಷ್ಟು ವರ್ಷ 'ಸ್ವಲ್ಪ ಹೊಡೀತದ' ಅಂತ ಚಪ್ಪಲಿ ಹಾಕಿಕೊಂಡು ಕೂರುತ್ತಿದ್ದೆ, ಅದನ್ನೇ ಪರಿಹಾರ ಅಂದುಕೊಂಡಿದ್ದೆ. ಎಲೆಕ್ಟ್ರಿಷಿಯನ್‌ನ್ನು ಕರೆಸಿದರೆ ಪ್ಲಗ್ ಪಾಯಿಂಟಿನ ಅರ್ಥಿಂಗ್ ವೈರು ಡಬ್ಬಿಯೊಳಗೆ ಸುಮ್ನೆ ಮಡಚಿಕೊಂಡು ಕೂತಿತ್ತು, ಯಾವುದಕ್ಕೂ ಜೋಡಿಸಿರಲಿಲ್ಲ. ಅದನ್ನು ಸರಿ ಮಾಡಿಸಲು ಅರ್ಧ ದಿನ ಹೋಯಿತು. ಓವರ್‌ಕ್ಲಾಕಿಂಗ್ ಸುರಕ್ಷಿತವಾ ಅಂತ ಕೇಳುವವರು ಮೊದಲು ತಮ್ಮ ಮನೆಯ ಮೂರನೇ ಪಿನ್ನು ಎಲ್ಲಿಗೆ ಹೋಗಿದೆ ಅಂತ ನೋಡಿಸಿಕೊಳ್ಳಿ.

ಆಮೇಲೆ ಧೂಳು. ನಮ್ಮ ಊರಿನ ಧೂಳಿನ ಬಗ್ಗೆ ಬೇರೆ ಹೇಳುವುದು ಬೇಡ. ಸೈಡ್ ಪ್ಯಾನೆಲ್ ತೆಗೆದರೆ ಕೂಲರಿನ ರೆಕ್ಕೆಗಳ ನಡುವೆ ಕಂಬಳಿ ನೇಯ್ದ ಹಾಗೆ ಕೂತಿತ್ತು. ಅಂಗಳಕ್ಕೆ ತಂದು, ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿದು ಬ್ಲೋಯರ್ ಹೊಡೆದೆ. ಫ್ಯಾನನ್ನು ಹಿಡಿಯದೆ ಬ್ಲೋಯರ್ ಹೊಡೆದರೆ ಅದು ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ, ಇನ್ನೊಂದು ಫ್ಯಾನ್ ಹಾಗೇ ಕಳಕೊಂಡಿದ್ದೇನೆ. ಕೂಲರ್ ಎತ್ತಿದರೆ ಹಳೇ ಪೇಸ್ಟ್ ಒಣಗಿ ಗೋಡೆ ಸುಣ್ಣದ ಹಾಗೆ ಉದುರಿತು.

ಹಳೇ ಕೂಲರ್ ಸಣ್ಣದು. ಅದರಲ್ಲಿ ಎಕ್ಸ್‌ಪೋರ್ಟ್ ಹಾಕಿದರೆ ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತಿತ್ತು. ಈ ಚಿಪ್ಪಿನ ಗಡಿಯೇ 100, ಅಲ್ಲಿ ಮುಟ್ಟಿದ ಕೂಡಲೇ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಂದರೆ ನಾನು ಓವರ್‌ಕ್ಲಾಕ್ ಮಾಡೋಣ ಅಂತ ಹೊರಟ ಪ್ರೊಸೆಸರ್ ಅದರ ಹುಟ್ಟು ವೇಗದಲ್ಲೂ ಓಡುತ್ತಿರಲಿಲ್ಲ. 2,800 ರೂಪಾಯಿ ಕೊಟ್ಟು ನಾಲ್ಕು ತಾಮ್ರದ ಹೀಟ್‌ಪೈಪ್ ಇರುವ, 120 ಎಂಎಂ ಫ್ಯಾನಿನ ಟವರ್ ಕೂಲರ್ ತರಿಸಿದೆ. ಡಬ್ಬಿ ನೋಡಿ ಅವ್ವ ಕೇಳಿದಳು, "ಏನದು?" ಕೂಲರ್ ಅಂದೆ. ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. "ನನಗ ಕೂಲರ್ ತಾ ಅಂದ್ರ ಮುಂದಿನ ವರ್ಷ ಅಂದಿ. ಆ ಡಬ್ಬಿಗೆ ಮಾತ್ರ ಕೂಲರ್ ಬಂತು ನೋಡು."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೇಸ್ಟ್ ಹಚ್ಚಿದೆ. ಪ್ರೊಸೆಸರಿನ ಬೆನ್ನಿನ ಮೇಲೆ ನಡುವಿನಲ್ಲಿ ಬಟಾಣಿ ಕಾಳಿನಷ್ಟು, ಅಷ್ಟೇ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಬಳಿಯುವುದು ಬೇಡ, ಕೂಲರ್ ಕೂತಾಗ ತಾನೇ ಹರಡಿಕೊಳ್ಳುತ್ತದೆ. ಸ್ಕ್ರೂಗಳನ್ನು ಎದುರುಬದುರು ಮೂಲೆಯಿಂದ ಎರಡೆರಡು ಸುತ್ತು ತಿರುಗಿಸುತ್ತಾ ಹೋದೆ. ಒಂದೇ ಕಡೆ ಪೂರ್ತಿ ಬಿಗಿದರೆ ಕೂಲರ್ ವಾರೆ ಕೂರುತ್ತದೆ.

ಕೊನೆಗೆ ರ್‍ಯಾಮ್. ಡಬ್ಬಿಯ ಮೇಲೆ 3200 ಅಂತ ಬರೆದಿದ್ದ ರ್‍ಯಾಮ್ ಇಷ್ಟು ವರ್ಷ 2133ರಲ್ಲಿ ಓಡುತ್ತಿತ್ತು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವ ಒಂದು ಆಯ್ಕೆ ಆನ್ ಮಾಡಬೇಕಿತ್ತು (ಬಯೋಸ್ ಅಂದರೆ ವಿಂಡೋಸ್ ಬರುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ), ನಾನು ಮಾಡಿರಲಿಲ್ಲ. ಎಷ್ಟು ಜನರ ಮನೆಯಲ್ಲಿ ಹೀಗೇ ಇದೆಯೋ. ಆನ್ ಮಾಡಿದೆ. ಆದರೆ ಈ ಪ್ರೊಸೆಸರಿಗೆ ಇಂಟೆಲ್ ಹೇಳುವುದು 2666ರವರೆಗೆ ಮಾತ್ರ, ಹಾಗಾಗಿ 3200 ಅಂದರೆ ಅದೂ ಒಂದು ಓವರ್‌ಕ್ಲಾಕೇ. ರಾತ್ರಿ ಮೆಮ್‌ಟೆಸ್ಟ್86 ಅನ್ನುವ ರ್‍ಯಾಮ್ ಪರೀಕ್ಷೆ ಹಾಕಿ ಮಲಗಿದೆ, ಬೆಳಿಗ್ಗೆ ನಾಲ್ಕು ಸುತ್ತು ಮುಗಿದು ತಪ್ಪು ಸೊನ್ನೆ ಅಂತ ಬಂದಿತ್ತು. ಇದನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಆಮೇಲೆ ಏನಾದರೂ ಕೈ ಕೊಟ್ಟಾಗ ತಪ್ಪು ಪ್ರೊಸೆಸರಿನದೋ ರ್‍ಯಾಮಿನದೋ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಇಷ್ಟಾಗಿ ಎಕ್ಸ್‌ಪೋರ್ಟ್ ಹಾಕಿದೆ. 42 ನಿಮಿಷ. ಇನ್ನೂ ಒಂದು ಮೆಗಾಹರ್ಟ್ಜ್ ಕೂಡ ಏರಿಸಿರಲಿಲ್ಲ, ಐದು ನಿಮಿಷ ಉಳಿದಿತ್ತು. ಇಲ್ಲಿಗೇ ನಿಲ್ಲಿಸಿದ್ದರೂ ನಡೆಯುತ್ತಿತ್ತು, ಬಹಳ ಜನರಿಗೆ ಇಲ್ಲಿಗೇ ನಿಲ್ಲಿಸಿ ಅಂತಲೇ ಹೇಳುತ್ತೇನೆ. ನಾನು ನಿಲ್ಲಿಸಲಿಲ್ಲ, ಯಾಕೆಂದರೆ ರುಚಿ ಹತ್ತಿತ್ತು.

ಆರಂಭದ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರೂಮಿನ ಬಿಸಿ 24 ಡಿಗ್ರಿ, ಎಚ್‌ಡಬ್ಲ್ಯು‌ಇನ್ಫೋ ಅನ್ನುವ ಸಾಫ್ಟ್‌ವೇರ್ ತೋರಿಸಿದ ಪ್ರೊಸೆಸರ್ ಬಿಸಿ 58, ಲೋಡ್‌ನಲ್ಲಿ 1.14 ವೋಲ್ಟ್, ಸುಮಾರು 75 ವ್ಯಾಟ್. ರೂಮಿನ ಬಿಸಿ ಬರೆದದ್ದು ಸುಮ್ನೆ ಅಭ್ಯಾಸಕ್ಕೆ. ಅವತ್ತು ಅದೇ ಮುಖ್ಯ ಅಂಕಿ ಅಂತ ಗೊತ್ತಿರಲಿಲ್ಲ.

ಬಯೋಸ್‌ನಲ್ಲಿ ಮೊದಲು ಮಲ್ಟಿಕೋರ್ ಎನ್‌ಹ್ಯಾನ್ಸ್‌ಮೆಂಟ್ ಅನ್ನುವುದನ್ನು ಆಫ್ ಮಾಡಿದೆ. ಅದು ಆನ್ ಇದ್ದರೆ ಬೋರ್ಡ್ ತನ್ನ ಇಷ್ಟದಂತೆ ಎಲ್ಲಾ ಕೋರನ್ನೂ 4.3ಕ್ಕೆ ಏರಿಸಿಬಿಡುತ್ತದೆ, ನಾವು ಯಾವುದನ್ನು ಅಳೆಯುತ್ತಿದ್ದೇವೆ ಅಂತಲೇ ತಿಳಿಯುವುದಿಲ್ಲ. ಆಮೇಲೆ ಪಟ್ಟನ್ನು 45 ಮಾಡಿದೆ. ಏನೂ ಆಗಲಿಲ್ಲ. 46, 47. ಏನೂ ಆಗಲಿಲ್ಲ. ಎಷ್ಟು ಸುಲಭ ಅನಿಸಿತು. 48 ಹಾಕಿ ವೋಲ್ಟೇಜ್ ಕಡೆ ನೋಡಿದಾಗ ಎದೆ ಧಸಕ್ ಅಂತು, 1.39. ವೋಲ್ಟೇಜನ್ನು ಆಟೊದಲ್ಲೇ ಬಿಟ್ಟಿದ್ದೆ. ಆಟೊದಲ್ಲಿ ಬಿಟ್ಟರೆ ಬೋರ್ಡಿಗೆ ಒಂದೇ ಚಿಂತೆ, ಮೆಷಿನ್ ಹ್ಯಾಂಗ್ ಆಗಬಾರದು ಅಂತ. ಅದಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಸುರಿಯುತ್ತದೆ, ಮದುವೆ ಮನೆಯಲ್ಲಿ ಬಡಿಸುವವರು ಬೇಡ ಅಂದರೂ ಸುರಿಯುವ ಹಾಗೆ. ಪಟ್ಟನ್ನು ಏರಿಸುವುದು ಅಪಾಯ ಅಂತ ಜನ ಹೆದರುತ್ತಾರೆ. ನಿಜವಾಗಿ ಚಿಪ್ಪನ್ನು ಸವೆಸುವುದು ಜಾಸ್ತಿ ವೋಲ್ಟೇಜ್ ಮತ್ತು ಬಿಸಿ. ವೇಗ ಜಾಸ್ತಿಯಾಗಿ ವೋಲ್ಟೇಜ್ ಸಾಲದೇ ಹೋದರೆ ಮೆಷಿನ್ ಹ್ಯಾಂಗ್ ಆಗುತ್ತದೆ ಅಷ್ಟೇ, ಆಫ್ ಮಾಡಿ ಆನ್ ಮಾಡಿದರೆ ಆಯಿತು ಅಂತ ಅವತ್ತು ಅಂದುಕೊಂಡಿದ್ದೆ.

ಹಾಗಾಗಿ ವೋಲ್ಟೇಜನ್ನು ಕೈಯಿಂದ ಕೂರಿಸಿದೆ. 48ಕ್ಕೆ 1.25 ಕೊಟ್ಟೆ, ವಿಂಡೋಸ್ ಬಂತು, ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಸಿನೆಬೆಂಚ್ ಹಾಕಿದ ಹತ್ತನೇ ಸೆಕೆಂಡಿಗೆ ನೀಲಿ ಪರದೆ. 1.27, ಎರಡು ನಿಮಿಷ ಓಡಿತು. 1.28, ಇಪ್ಪತ್ತು ನಿಮಿಷ. 1.30ಕ್ಕೆ ನಿಂತಿತು. ನಡುವೆ ಎಲ್‌ಎಲ್‌ಸಿ ಅಂತ ಒಂದು ಗೊಂದಲ ಬರುತ್ತದೆ. ಲೋಡ್ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಪಂಪ್‌ಸೆಟ್ ಚಾಲೂ ಮಾಡಿದಾಗ ಮನೆಯ ಬಲ್ಬ್ ಮಂಕಾಗುವುದಿಲ್ವಾ, ಹಾಗೆ. ಅದನ್ನು ಎತ್ತಿ ಹಿಡಿಯುವುದು ಎಲ್‌ಎಲ್‌ಸಿ. ಎಲ್ಲಕ್ಕಿಂತ ಮೇಲಿನ ಮಟ್ಟಕ್ಕೆ ಇಟ್ಟರೆ ಲೋಡ್ ಇಳಿದ ಕ್ಷಣದಲ್ಲಿ ವೋಲ್ಟೇಜ್ ಸೆಟ್ ಮಾಡಿದ್ದಕ್ಕಿಂತ ಮೇಲೆ ಜಿಗಿಯುತ್ತದೆ, ಅದು ಎಚ್‌ಡಬ್ಲ್ಯು‌ಇನ್ಫೋದಲ್ಲಿ ಕಾಣುವುದೂ ಇಲ್ಲ. ನಡುವಿನ ಮಟ್ಟಕ್ಕೆ ಇಟ್ಟೆ. ಒಂದೊಂದು ಬೋರ್ಡಿನಲ್ಲಿ ಈ ಮಟ್ಟಗಳ ನಂಬರು ಉಲ್ಟಾ ಇರುತ್ತವೆ, ಒಂದರಲ್ಲಿ 1 ಅಂದರೆ ಕಮ್ಮಿ, ಇನ್ನೊಂದರಲ್ಲಿ 1 ಅಂದರೆ ಜಾಸ್ತಿ. ಬೇರೆಯವರ ಸೆಟ್ಟಿಂಗ್ ಕಣ್ಣು ಮುಚ್ಚಿ ಹಾಕಬೇಡಿ ಅನ್ನುವುದಕ್ಕೆ ಇದೊಂದೇ ಸಾಕು.

5.0 ಅನ್ನುವ ರೌಂಡ್ ನಂಬರಿನ ಆಸೆ ಯಾರಿಗೆ ಇರುವುದಿಲ್ಲ. ರಾತ್ರಿ ಹನ್ನೊಂದೂವರೆಗೆ 50 ಹಾಕಿ, 1.34 ಕೊಟ್ಟು, ಎಫ್10 ಒತ್ತಿದೆ. ಪರದೆ ಕಪ್ಪಾಯಿತು. ಫ್ಯಾನ್ ತಿರುಗಿತು, ನಿಂತಿತು. ತಿರುಗಿತು, ನಿಂತಿತು. ನನ್ನ ಬಾಯಿ ಒಣಗಿತು. ಮಾರನೇ ದಿನ ಕೊಡಬೇಕಾದ ಜವಳದ ವಿಡಿಯೊ ಅದರೊಳಗೇ ಇತ್ತು. ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಉಳಿದ ಕರೆಂಟ್ ಇಳಿಸಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಅಡಗಿ ಕೂತಿದ್ದ ರೂಪಾಯಿ ನಾಣ್ಯದಂಥ ಸೆಲ್ಲನ್ನು ಉಗುರಿನಿಂದ ಎಬ್ಬಿಸಿ ತೆಗೆದೆ. ಐದು ನಿಮಿಷ ಬಿಟ್ಟು ವಾಪಸ್ ಹಾಕಿದೆ. ಎಲ್ಲಾ ಸೆಟ್ಟಿಂಗ್ ಅಳಿಸಿ ಹೋಗಿ, ಬೋರ್ಡ್ ಏನೂ ಆಗಿಲ್ಲ ಅನ್ನುವ ಹಾಗೆ ಎದ್ದು ಕೂತಿತು. ಆ ಸೆಲ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಂಡಿದ್ದರೆ ಆ ಅರ್ಧ ಗಂಟೆಯ ಬೆವರು ಉಳಿಯುತ್ತಿತ್ತು. 5.0 ಮತ್ತೆ ಮುಟ್ಟಲಿಲ್ಲ.

4.8, 1.30 ವೋಲ್ಟ್. ಸಿನೆಬೆಂಚ್ ಅರ್ಧ ಗಂಟೆ ಓಡಿಸಿದರೆ 76 ಡಿಗ್ರಿ. ಅದಕ್ಕಿಂತ ಕಠಿಣ ಪರೀಕ್ಷೆಯಾದ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಹಾಕಿದರೆ 96ಕ್ಕೆ ಹಾರಿತು, ನಿಲ್ಲಿಸಿಬಿಟ್ಟೆ. ಅದು ಎವಿಎಕ್ಸ್ ಅನ್ನುವ ಸೂಚನೆಗಳನ್ನು ಬಳಸಿ ಚಿಪ್ಪನ್ನು ಕುದಿಸುತ್ತದೆ, ದಿನನಿತ್ಯದ ಯಾವ ಕೆಲಸವೂ ಅಷ್ಟು ಬಿಸಿ ಮಾಡುವುದಿಲ್ಲ. ಎವಿಎಕ್ಸ್ ಬಂದಾಗ ಮಾತ್ರ ಪಟ್ಟನ್ನು ಎರಡು ಅಂಕಿ ಇಳಿಸು ಅಂತ ಬಯೋಸ್‌ನಲ್ಲಿ ಹೇಳಬಹುದು. ತುಂಬಾ ಜನ ಹಾಗೆ ಮಾಡುತ್ತಾರೆ. ಆದರೆ ವಿಡಿಯೊ ಎನ್‌ಕೋಡರ್ ಕೂಡ ಎವಿಎಕ್ಸ್ ಬಳಸುತ್ತದೆ, ಅಂದರೆ ಪರದೆಯ ಮೂಲೆಯಲ್ಲಿ 4.8 ಅಂತ ಕಾಣುತ್ತಿರುತ್ತದೆ, ಎಕ್ಸ್‌ಪೋರ್ಟ್ ಹಾಕಿದ ಕೂಡಲೇ 4.6. ಯಾರ ಕಣ್ಣಿಗೆ ಮಣ್ಣೆರಚುವುದು ಅಂತ ಅದನ್ನು ಸೊನ್ನೆಯಲ್ಲೇ ಇಟ್ಟೆ. ನನ್ನ ನಿಜವಾದ ಪರೀಕ್ಷೆ ಅಂದರೆ ಒಂದೇ ಮದುವೆಯನ್ನು ರಾತ್ರಿಯಿಡೀ ಆರು ಸಲ ಎಕ್ಸ್‌ಪೋರ್ಟ್ ಮಾಡುವುದು. ಬೆಳಿಗ್ಗೆ ಎದ್ದಾಗ ಆರೂ ಮುಗಿದಿದ್ದವು, ಒಂದೊಂದಕ್ಕೆ 36 ನಿಮಿಷ ಚಿಲ್ಲರೆ. ಸ್ಪೀಡ್‌ಸ್ಟೆಪ್, ಸಿ-ಸ್ಟೇಟ್ ಅನ್ನುವ, ಕೆಲಸ ಇಲ್ಲದಾಗ ಪ್ರೊಸೆಸರನ್ನು ತಣ್ಣಗಿಡುವ ಆಯ್ಕೆ ಎರಡನ್ನೂ ಆನ್ ಇಟ್ಟೆ, ವೋಲ್ಟೇಜನ್ನು ವೇಗಕ್ಕೆ ತಕ್ಕಂತೆ ಏರಿಳಿಯುವ ಅಡಾಪ್ಟಿವ್‌ಗೆ ಹಾಕಿದೆ. ಸುಮ್ನೆ ಕೂತಿರುವಾಗ 800 ಮೆಗಾಹರ್ಟ್ಜ್‌ಗೆ ಇಳಿದು ತಣ್ಣಗೆ ಇರುತ್ತದೆ. ದಿನಾ ಬಳಸುವ ಮೆಷಿನ್ ಯಾವಾಗಲೂ ಪೂರ್ತಿ ವೇಗದಲ್ಲೇ ಇರಬೇಕಾಗಿಲ್ಲ.

ಜನವರಿ, ಫೆಬ್ರವರಿ, ಮಾರ್ಚ್. ಒಂದು ಹ್ಯಾಂಗ್ ಇಲ್ಲ, ಒಂದು ನೀಲಿ ಪರದೆ ಇಲ್ಲ. ನಾಲ್ಕು ಜನರ ಹತ್ತಿರ ಜಂಬ ಕೊಚ್ಚಿಕೊಂಡೆ.

ಏಪ್ರಿಲ್ ಮೂರನೇ ವಾರ. ರಾಯಚೂರಿನಲ್ಲಿ ಆ ಹೊತ್ತಿಗೆ ಹೊರಗೆ 40 ದಾಟಿರುತ್ತದೆ, ಮಧ್ಯಾಹ್ನ ಮೂರಕ್ಕೆ ಗೋಡೆ ಮುಟ್ಟಿದರೆ ಒಲೆ ಮುಟ್ಟಿದ ಹಾಗೆ. ಒಂದು ಮದುವೆ ವಿಡಿಯೊ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ. ಎರಡು ದಿನ ಬಿಟ್ಟು ಹುಡುಗಿಯ ಅಣ್ಣ ಫೋನ್ ಮಾಡಿದರು. "ಸರ್, ಅಕ್ಕಿಕಾಳು ಹಾಕೋ ಟೈಮಿಗೆ ಹಸಿರು ಹಸಿರು ಏನೋ ಬರ್ತದಲ್ರೀ." ನನ್ನ ಪೆನ್‌ಡ್ರೈವ್ ಸರಿ ಇಲ್ಲವೇನೋ ಅಂದುಕೊಂಡು ನನ್ನ ಕಾಪಿ ತೆರೆದೆ. ಅಲ್ಲೂ ಇತ್ತು. ತಾಳಿ ಕಟ್ಟುವ ಕ್ಷಣ, ಅಕ್ಕಿಕಾಳು ಗಾಳಿಯಲ್ಲಿವೆ, ಮದುಮಗಳ ಹಣೆಯಿಂದ ಕೆನ್ನೆಯವರೆಗೆ ಹಸಿರು ಚೌಕಗಳು. ಅರ್ಧ ಸೆಕೆಂಡ್. ಒಂದೂವರೆ ಗಂಟೆಯ ವಿಡಿಯೊದಲ್ಲಿ ಬೇರೆ ಎಲ್ಲೂ ಇಲ್ಲ, ಅಲ್ಲೇ ಇದೆ. ಅದೇ ಪ್ರಾಜೆಕ್ಟನ್ನು ರಾತ್ರಿ ತಂಪು ಹೊತ್ತಿನಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ, ಚೌಕಗಳಿಲ್ಲ.

ಕ್ಯಾಮೆರಾ ಫೈಲ್ ಸರಿ ಇದೆ, ಪ್ರಾಜೆಕ್ಟ್ ಸರಿ ಇದೆ, ಹಗಲು ಮಾಡಿದ್ದು ಮಾತ್ರ ಕೆಟ್ಟಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ 'ವಿಯಾ ಲಾಗರ್' (WHEA-Logger) ಅಂತ ಹುಡುಕಿದೆ. ಈವೆಂಟ್ 19, ಹಾರ್ಡ್‌ವೇರ್ ತಪ್ಪನ್ನು ಸರಿಪಡಿಸಲಾಗಿದೆ ಅನ್ನುವ ಸಂದೇಶ. ಒಂದಲ್ಲ, ಹದಿನೇಳು. ಎಲ್ಲವೂ ಏಪ್ರಿಲ್‌ನವು, ಎಲ್ಲವೂ ಮಧ್ಯಾಹ್ನ ಎರಡರಿಂದ ಐದರ ನಡುವೆ. ಪ್ರೊಸೆಸರ್ ಒಳಗೆ ಲೆಕ್ಕ ತಪ್ಪುತ್ತಿತ್ತು, ತಾನೇ ಹಿಡಿದು ತಿದ್ದಿಕೊಂಡದ್ದನ್ನು ಇಲ್ಲಿ ಬರೆದಿಡುತ್ತಿತ್ತು. ಹಿಡಿಯದೇ ಬಿಟ್ಟದ್ದು ಮದುಮಗಳ ಮುಖದ ಮೇಲೆ ಬಂದಿತ್ತು. ಇದು ನನ್ನ ಊಹೆ, ಆದರೆ ಹದಿನೇಳು ಸಾಲು ನೋಡಿದ ಮೇಲೆ ಬೇರೆ ಊಹೆ ಮಾಡುವ ಮನಸ್ಸಾಗಲಿಲ್ಲ. ಮೆಷಿನ್ ಹ್ಯಾಂಗ್ ಆಗುತ್ತಿಲ್ಲ ಅಂದರೆ ಸ್ಟೇಬಲ್ ಅಂತ ನಾನು ನಂಬಿದ್ದೆ. ಹ್ಯಾಂಗ್ ಆಗಿದ್ದರೇ ಎಷ್ಟೋ ಚೆನ್ನಾಗಿತ್ತು, ಕೊನೇಪಕ್ಷ ಗೊತ್ತಾಗುತ್ತಿತ್ತು.

ನೋಟ್‌ಬುಕ್ ತೆಗೆದೆ. ಡಿಸೆಂಬರ್‌ನಲ್ಲಿ ರೂಮ್ 24, ಈಗ ಫ್ಯಾನ್ ಹಾಕಿಕೊಂಡೂ 38. ಏರ್ ಕೂಲರ್ ಮಾಡುವುದು ಇಷ್ಟೇ, ಪ್ರೊಸೆಸರನ್ನು ರೂಮಿನ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತದೆ. ರೂಮ್ 14 ಏರಿದರೆ ಪ್ರೊಸೆಸರೂ 14 ಏರುತ್ತದೆ, ಅದರಲ್ಲಿ ರಿಯಾಯಿತಿ ಇಲ್ಲ. 76 ಇದ್ದದ್ದು 92 ಆಗಿತ್ತು. ಮೇಲಿನ ಎರಡು ಯಾಕೆ ಅಂದರೆ ಬಿಸಿಯಾದಂತೆ ಚಿಪ್ಪಿನೊಳಗೆ ಕರೆಂಟ್ ಸೋರಿಕೆ ಜಾಸ್ತಿಯಾಗುತ್ತದೆ, ಅದು ಇನ್ನಷ್ಟು ಬಿಸಿ ಮಾಡುತ್ತದೆ. 76ರಲ್ಲಿ 4.8ಕ್ಕೆ ಸಾಕಾಗಿದ್ದ 1.30 ವೋಲ್ಟ್ 92ರಲ್ಲಿ ಸಾಕಾಗಿರಲಿಲ್ಲ. ಮೂರು ತಿಂಗಳು ನಾನು ಅಂದುಕೊಂಡಿದ್ದ ಸ್ಟೇಬಲ್ ಓವರ್‌ಕ್ಲಾಕ್ ನಿಜವಾಗಿ ಚಳಿಗಾಲದ್ದು.

ಹಾಗಂತ ವೋಲ್ಟೇಜ್ ಏರಿಸಿದರೆ ಬಿಸಿ ಇನ್ನೂ ಏರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿದೆ, ಇದನ್ನು ಡಿಸೆಂಬರ್‌ನಲ್ಲೇ ಹಾಕಬೇಕಿತ್ತು. ಕರೆಂಟ್ ತಿನ್ನುವುದು ವೇಗ ಎಷ್ಟು ಪಟ್ಟು ಏರಿತೋ ಅಷ್ಟು ಪಟ್ಟು ಏರುತ್ತದೆ, ಅದರ ಮೇಲೆ ವೋಲ್ಟೇಜಿನ ವರ್ಗ ಎಷ್ಟು ಪಟ್ಟು ಏರಿತೋ ಅಷ್ಟು ಪಟ್ಟು ಏರುತ್ತದೆ. 4.1ರಿಂದ 4.8 ಅಂದರೆ ವೇಗ 17 ಪರ್ಸೆಂಟ್ ಜಾಸ್ತಿ. 1.14ರಿಂದ 1.30 ಅಂದರೆ ಅದರ ವರ್ಗ 30 ಪರ್ಸೆಂಟ್ ಜಾಸ್ತಿ. ಎರಡೂ ಗುಣಿಸಿದರೆ 52. ಹದಿನೇಳಕ್ಕೆ ಐವತ್ತೆರಡು ಕೊಡುತ್ತಿದ್ದೆ. ಅದೇ 4.6 ಗಿಗಾಹರ್ಟ್ಜ್ 1.20 ವೋಲ್ಟಿನಲ್ಲಿ ಓಡಿದರೆ 12 ಪರ್ಸೆಂಟ್ ವೇಗಕ್ಕೆ 24 ಪರ್ಸೆಂಟ್ ಕರೆಂಟ್. ಕೊನೆಯ ಎರಡು ಮೆಟ್ಟಿಲಿಗೇ ಬಡ್ಡಿ ಜಾಸ್ತಿ.

ಈ ಸಲ ಪರೀಕ್ಷೆ ಉಲ್ಟಾ ಮಾಡಿದೆ. ರಾತ್ರಿ ಅಲ್ಲ, ಮಧ್ಯಾಹ್ನ ಎರಡೂವರೆಗೆ, ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನ್ ಆಫ್ ಮಾಡಿ. ಬನಿಯನ್ನಿನಲ್ಲಿ ಕೂತು ಮಜ್ಜಿಗೆ ಕುಡಿಯುತ್ತಾ ಈವೆಂಟ್ ವ್ಯೂವರ್ ರಿಫ್ರೆಶ್ ಮಾಡುತ್ತಿದ್ದೆ. ಅವ್ವ ಇಣುಕಿ ನೋಡಿ, "ಫ್ಯಾನ್ ಯಾಕ ಬಂದ್ ಮಾಡಿ? ತಲಿಗೆ ಏನಾರ ಆಗೇತೇನು?" ಅಂದಳು. 4.7ಕ್ಕೆ ಎರಡು ದಿನದಲ್ಲಿ ಒಂದು ತಪ್ಪು ಬಂತು. 4.6ಕ್ಕೆ 1.18ರಲ್ಲಿ ಐದು ದಿನ ಒಂದೂ ಬರಲಿಲ್ಲ. ಅದರ ಮೇಲೆ 0.02 ಸೇರಿಸಿ 1.20 ಮಾಡಿ ನಿಲ್ಲಿಸಿದೆ. ಸರಿಯಾಗಿ ಸಾಕಾಗುವ ಅಂಕಿ ಸಿಕ್ಕ ಮೇಲೆ ಸ್ವಲ್ಪ ಕೈ ಬಿಡಿಸಿ ಕೊಡಬೇಕು, ಚಿಪ್ ಹಳೆಯದಾದಂತೆ ಅದಕ್ಕೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಎಕ್ಸ್‌ಪೋರ್ಟ್ 38 ನಿಮಿಷ, 93 ವ್ಯಾಟ್, ಏಪ್ರಿಲ್ ಮಧ್ಯಾಹ್ನದಲ್ಲಿ 81 ಡಿಗ್ರಿ. ಒಂದೂವರೆ ನಿಮಿಷ ಬಿಟ್ಟುಕೊಟ್ಟೆ. ಚಳಿಗೆ ಒಂದು ಪ್ರೊಫೈಲ್, ಬೇಸಿಗೆಗೆ ಒಂದು ಪ್ರೊಫೈಲ್ ಇಟ್ಟುಕೊಳ್ಳಬಹುದಿತ್ತು, ಬಯೋಸ್‌ನಲ್ಲಿ ಜಾಗ ಇದೆ. ಯಾವುದು ಹಾಕಿದ್ದೇನೆ ಅಂತ ನೆನಪಿಟ್ಟುಕೊಳ್ಳುವಷ್ಟು ಶಿಸ್ತು ನನ್ನಲ್ಲಿಲ್ಲ.

ಮದುವೆಯವರಿಗೆ ಹೊಸ ಪೆನ್‌ಡ್ರೈವ್ ತಗೊಂಡು ಮನೆಗೇ ಹೋಗಿ ಕೊಟ್ಟು ಬಂದೆ. ಏನೂ ಅನ್ನಲಿಲ್ಲ, ಚಹಾ ಕುಡಿಸಿ ಕಳಿಸಿದರು. ಅದೇ ಜಾಸ್ತಿ ನಾಚಿಕೆಯಾಯಿತು.

ಬೆಂಗಳೂರಿನಲ್ಲಿರುವ ಗೆಳೆಯನಿಗೆ ಇದನ್ನೆಲ್ಲಾ ಹೇಳಿದಾಗ ಅವನ ಹತ್ತಿರ ಇದ್ದದ್ದು ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್. "ನಿನ್ನ ನಂಬರ್ ಹೇಳೋ, ಹಾಕ್ಕೊಂಡು ನೋಡ್ತೀನಿ" ಅಂದ. ನನ್ನ ನಂಬರು ಅವನಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಈಗಿನ ಪ್ರೊಸೆಸರ್‌ಗಳು ಬಿಸಿ, ವೋಲ್ಟೇಜ್ ನೋಡಿಕೊಂಡು ತಾವೇ ಗಡಿಯ ಹತ್ತಿರ ಓಡುತ್ತವೆ, ನಾವು ಏರಿಸಲು ಹೆಚ್ಚು ಜಾಗ ಬಿಟ್ಟಿರುವುದಿಲ್ಲ. ಅವನಿಗೆ ಕರ್ವ್ ಆಪ್ಟಿಮೈಸರ್‌ನಲ್ಲಿ ಮೈನಸ್ 15 ಹಾಕು ಅಂದೆ, ಅಂದರೆ ವೋಲ್ಟೇಜನ್ನು ಸ್ವಲ್ಪ ಕಮ್ಮಿ ಮಾಡುವುದು. ಕಮ್ಮಿ ವೋಲ್ಟೇಜ್, ಕಮ್ಮಿ ಬಿಸಿ, ಉಳಿದ ಜಾಗದಲ್ಲಿ ಅದೇ ಇನ್ನಷ್ಟು ವೇಗ ತಗೊಳ್ಳುತ್ತದೆ. ಓವರ್‌ಕ್ಲಾಕ್ ಮಾಡಲು ಬಂದವನಿಗೆ ಕಮ್ಮಿ ಮಾಡು ಅಂದದ್ದು ಅವನಿಗೆ ರುಚಿಸಲಿಲ್ಲ. ಜಾಸ್ತಿ ವೋಲ್ಟೇಜ್ ಏನು ಮಾಡುತ್ತದೆ ಅನ್ನುವುದಕ್ಕೆ 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯಲ್ಲಿ ಆದದ್ದನ್ನು ನೆನಪಿಸಿದೆ. ಅಲ್ಲಿ ಓವರ್‌ಕ್ಲಾಕ್ ಮಾಡದವರ ಡೆಸ್ಕ್‌ಟಾಪ್ ಚಿಪ್ಪುಗಳೂ ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿಕೊಂಡು ಸವೆದವು, ಇಂಟೆಲ್ ಪ್ರೊಸೆಸರಿನ ಒಳಗಿನ ಪ್ರೋಗ್ರಾಮ್ ಆದ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಜಾಸ್ತಿ ಮಾಡಬೇಕಾಯಿತು.

ಇನ್ನೊಂದು ಹೇಳಲೇಬೇಕು, ಸ್ವಲ್ಪ ಮರ್ಯಾದೆ ಹೋಗುವ ವಿಷಯ. ಮೇ ಮೊದಲ ವಾರ ಒಂದು ಎಕ್ಸ್‌ಪೋರ್ಟ್ ಹಾಕಿದರೆ ಮತ್ತೆ 45 ನಿಮಿಷದ ಹತ್ತಿರ ಬಂತು. ಗಾಬರಿಯಾಗಿ ನೋಡಿದರೆ ಎಲ್ಲಾ ಸೆಟ್ಟಿಂಗ್ ಅಳಿಸಿ ಹೋಗಿ 4.1ಕ್ಕೆ ಬಂದಿದೆ, ರ್‍ಯಾಮ್ ಮತ್ತೆ 2133. 2018ರ ಆ ನಾಣ್ಯದ ಸೆಲ್ ಮುಗಿದಿತ್ತು. ರಾತ್ರಿ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡಿ ಮಲಗುವ ಅಭ್ಯಾಸ ನನ್ನದು, ಒಂದು ರಾತ್ರಿ ಆಫ್ ಮಾಡಿದಾಗ ಬೋರ್ಡ್ ಎಲ್ಲಾ ಮರೆತಿದೆ. ಯಾವ ರಾತ್ರಿ ಅಂತ ಗೊತ್ತಿಲ್ಲ. ಹಿಂದಿನ ಎಂಟು ದಿನ ಎಕ್ಸ್‌ಪೋರ್ಟ್ ಇರಲಿಲ್ಲ, ಬರೀ ಬಿಲ್ಲು, ವಾಟ್ಸಾಪ್, ಯೂಟ್ಯೂಬ್, ಫೋಟೊ ಆರಿಸುವುದು. ಆ ಎಂಟು ದಿನದಲ್ಲಿ ಒಂದು ಸಲವೂ ಮೆಷಿನ್ ನಿಧಾನ ಅಂತ ನನಗೆ ಅನಿಸಿರಲಿಲ್ಲ. ಆರೂ ಕೋರನ್ನು ಅರ್ಧ ಗಂಟೆ ದುಡಿಸುವ ಕೆಲಸ ನಿಮ್ಮದಲ್ಲ ಅಂದರೆ ಈ ಉಸಾಬರಿ ಯಾಕೆ ಅಂತ ನನ್ನ ಮೆಷಿನ್ನೇ ನನಗೆ ಕೇಳಿದ ಹಾಗಾಯಿತು. ಹೊಸ ಸೆಲ್ ತಂದು ಹಾಕಿ, ನೋಟ್‌ಬುಕ್ ನೋಡಿಕೊಂಡು ಎಲ್ಲಾ ಮತ್ತೆ ತುಂಬಿದೆ.

ಅದೇ ವಾರ ಅವ್ವನಿಗೂ ಕೂಲರ್ ತಂದೆ, ನೀರು ತುಂಬುವ ದೊಡ್ಡದು. ಪಡಸಾಲೆಯ ಕಿಟಕಿಗೆ ಕೂರಿಸಿದ್ದೇವೆ, ನನ್ನ ರೂಮಿನ ಬಾಗಿಲು ತೆರೆದಿಟ್ಟರೆ ಇಲ್ಲಿಗೂ ಗಾಳಿ ಬರುತ್ತದೆ. ಮಧ್ಯಾಹ್ನ ರೂಮ್ 38 ಇದ್ದದ್ದು 32ಕ್ಕೆ ಇಳಿಯಿತು, ಪ್ರೊಸೆಸರ್ 81ರಿಂದ 75ಕ್ಕೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಾಗ, 75 ಅಂದರೆ ಹೆಚ್ಚುಕಡಿಮೆ ಡಿಸೆಂಬರ್‌ನ 4.8ರ ಅಂಕಿ, ಇನ್ನೊಂದು ಸಲ 47 ಹಾಕಿ ನೋಡೋಣ್ವಾ ಅಂತ ಕೈ ತುರಿಸಿತು. ಬಯೋಸ್‌ಗೆ ಹೋಗಲು ರೀಸ್ಟಾರ್ಟ್ ಕೂಡ ಒತ್ತಿದೆ. ಅಷ್ಟರಲ್ಲಿ ಪಡಸಾಲೆಯಿಂದ ಅವ್ವ ಕೂಗಿದಳು.

"ಕೂಲರಿಗೆ ನೀರು ಖಾಲಿ ಆಗೇತಿ ನೋಡೋ. ಬಿಸಿ ಗಾಳಿ ಬರಾಕತ್ತೈತಿ."

47 ಹಾಕಲಿಲ್ಲ. ಕೊಡ ತಗೊಂಡು ಎದ್ದೆ.